ಅಡ್ಡಪರಿಣಾಮವಿಲ್ಲದ ಮದ್ದು ಮದ್ದೇ ಅಲ್ಲ

ಪುಣೆಯಲ್ಲೋ ಚೆನ್ನೈಯಲ್ಲೋ ಇರುವ ಕನ್ನಡದ ಮನೆಯೊಂದರಲ್ಲಿ ಮಗು ಹುಟ್ಟಿತೆಂದರೆ ಊರಿಂದ ಒಂದು ಡಬ್ಬಿ ಬರುತ್ತದೆ. ಅಜ್ಜಿ ಬರುವುದಾದರೆ ಅವಳ ಚೀಲದಲ್ಲಿ, ಮಂಡಿನೋವಿನಿಂದ ಅವಳು ಬರಲಾಗದಿದ್ದರೆ ಕೊರಿಯರಿನಲ್ಲಿ. ಒಳಗೆ ಹುರಿದ ಓಮ, ಒಣಶುಂಠಿ, ಜಾಯಿಕಾಯಿ, ಅಳಲೆಕಾಯಿ, ಒಂದು ತುಂಡು ಬಜೆ, ಇವನ್ನು ತೇಯಲು ಅಂಗೈಯಗಲದ ಕಲ್ಲು. ಈಚಿನ ವರ್ಷಗಳಲ್ಲಿ ಡಬ್ಬಿಯ ಮೂಲೆಯಲ್ಲಿ ಇನ್ನೊಂದು ವಸ್ತುವೂ ಜಾಗ ಹಿಡಿದಿದೆ: ಹೊಟ್ಟೆನೋವಿಗೆಂದು ಕೊಂಡ ಗಿಡಮೂಲಿಕೆಯ ಸಿರಪ್ಪು. ಲೇಬಲ್ಲಿನ ಮೇಲೆ ಹಸಿರು ಎಲೆ, ಎಲೆಯ ಕೆಳಗೆ ಎರಡು ವಾಕ್ಯ: “ಸಂಪೂರ್ಣ ನೈಸರ್ಗಿಕ. ಯಾವುದೇ ಅಡ್ಡಪರಿಣಾಮವಿಲ್ಲ.”

ಕಲ್ಲಿನ ಜೊತೆಗೂ ಒಂದು ಮಾತು ಬಂದಿರುತ್ತದೆ. ಅದನ್ನು ಅಜ್ಜಿ ಫೋನಿನಲ್ಲಿ ಹೇಳಿರುತ್ತಾಳೆ: “ಎರಡು ಸುತ್ತು ತೇಯ್ದರೆ ಸಾಕು. ಜಾಸ್ತಿ ತೇಯಬೇಡ ಮತ್ತೆ.”

ಸಿರಪ್ಪಿನ ಜೊತೆ ಬಂದದ್ದು ಭರವಸೆ, ಕಲ್ಲಿನ ಜೊತೆ ಬಂದದ್ದು ಎಚ್ಚರಿಕೆ. ಈ ಎರಡರಲ್ಲಿ ವಿಜ್ಞಾನಕ್ಕೆ ಹತ್ತಿರವಾದದ್ದು ಎರಡನೆಯದು. ಅಜ್ಜಿಗೆ ಎಲ್ಲ ಗೊತ್ತಿತ್ತು ಎಂದು ಇದರ ಅರ್ಥವಲ್ಲ. ಅವಳಿಗೆ ಗೊತ್ತಿರಲು ಸಾಧ್ಯವೇ ಇಲ್ಲದಿದ್ದ ಸಂಗತಿಯೊಂದು ಅದೇ ಡಬ್ಬಿಯಲ್ಲಿದೆ, ಅದರ ಮಾತು ಮುಂದೆ ಬರುತ್ತದೆ. ಆದರೆ ಮದ್ದಿಗೆ ಅಳತೆ ಇದೆ, ಅಳತೆ ಮೀರಿದರೆ ಕೇಡಿದೆ ಎಂಬಷ್ಟು ಅವಳಿಗೆ ಗೊತ್ತಿತ್ತು. ಲೇಬಲ್ಲು ಬರೆದವರಿಗೆ ಅದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬೇಕಿಲ್ಲ.

“ಅಡ್ಡಪರಿಣಾಮವಿಲ್ಲ” ಎಂಬ ಮಾತನ್ನು ಕನ್ನಡ ಕೈಬಿಡಬೇಕು. ಜಾಹೀರಾತು ಬರೆಯುವವರು, ಆರೋಗ್ಯ ಪುಟ ತುಂಬಿಸುವವರು, ಅದನ್ನು ಇಂಗ್ಲಿಷಿನಿಂದಲೋ ಹಿಂದಿಯಿಂದಲೋ ಅನುವಾದಿಸುವವರು, ಬಂದದ್ದನ್ನು ಮನೆಯ ಗ್ರೂಪಿಗೆ ದಾಟಿಸುವವರು, ಎಲ್ಲರೂ ಕೈಬಿಡಬೇಕು. ಅದು ಸುಳ್ಳು ಎಂಬುದು ಒಂದು ಕಾರಣ. ಅದು ಗಿಡಗಳಿಗೆ ಮಾಡುವ ಅವಮಾನ ಎಂಬುದು ಇನ್ನೊಂದು. ಹಿಂಡುವ ಕರುಳನ್ನು ಸಡಿಲಿಸುವ ಶಕ್ತಿ ಈ ಗಿಡಗಳಿಗೆ ನಿಜಕ್ಕೂ ಇದೆ. ಶಕ್ತಿ ಇರುವುದರಿಂದಲೇ ಅಪಾಯವೂ ಇದೆ. ಅಪಾಯವಿಲ್ಲ ಎನ್ನುವವನು ಶಕ್ತಿಯೂ ಇಲ್ಲ ಎಂದು ಒಪ್ಪಿಕೊಂಡ ಹಾಗಾಯಿತು.

ಕರುಳು ಹಿಂಡುವುದೆಂದರೆ

ಹೊಟ್ಟೆಯ ಸಂಕಟಕ್ಕೆ ಕನ್ನಡದಲ್ಲಿ ಪದಗಳ ಕೊರತೆ ಇರಲಿಲ್ಲ. ನುಲಿಯುವುದು ಬೇರೆ, ಉಬ್ಬರಿಸುವುದು ಬೇರೆ, ತೊಳಸುವುದು ಬೇರೆ, ಉರಿಯುವುದು ಬೇರೆ. ಈಗ ಎಲ್ಲಕ್ಕೂ ಒಂದೇ ಹೆಸರು: ಗ್ಯಾಸ್. ಪದ ಒಂದಾದ ಮೇಲೆ ಮದ್ದೂ ಒಂದೇ ಆಗುತ್ತದೆ. ಆದರೆ ಓಮದಂಥ ಬೀಜಗಳ ಕೆಲಸ ಅರ್ಥವಾಗಬೇಕಾದರೆ ಹಳೆಯ ಪದಕ್ಕೇ ಮರಳಬೇಕು. ಅವು ಮುಖ್ಯವಾಗಿ ತಣಿಸುವುದು ನುಲಿತವನ್ನು.

ಕರುಳಿನ ಗೋಡೆಯಲ್ಲಿರುವುದು ಶಾಲೆಯ ಪುಸ್ತಕ ‘ಅನೈಚ್ಛಿಕ ಸ್ನಾಯು’ ಎಂದು ಕರೆಯುವ ಸ್ನಾಯು. ಯಜಮಾನನ ಅಪ್ಪಣೆಗೆ ಕಾಯದೆ ಅದು ತನ್ನಷ್ಟಕ್ಕೆ ಹಿಂಡಿ, ಸಡಿಲಿಸಿ, ಉಂಡದ್ದನ್ನು ಮುಂದಕ್ಕೆ ತಳ್ಳುತ್ತದೆ. ಸ್ನಾಯುಕೋಶದ ಬಾಗಿಲುಗಳಿಂದ ಕ್ಯಾಲ್ಸಿಯಂ ಒಳಗೆ ನುಗ್ಗಿದಾಗ ಹಿಂಡುವಿಕೆ, ಹೊರಗೆ ಹೋದಾಗ ಸಡಿಲಿಕೆ. ಹಿಂಡಿದ್ದು ಸಡಿಲವಾಗದೆ ಹಿಡಿದುಕೊಂಡರೆ ನುಲಿತ.

ಇದನ್ನು ದೇಹದ ಹೊರಗೂ ನೋಡಬಹುದು. 1904ರಲ್ಲಿ ಜರ್ಮನಿಯ ರುಡಾಲ್ಫ್ ಮಾಗ್ನುಸ್ ಪ್ರಾಣಿಯ ಕರುಳಿನ ತುಂಡೊಂದನ್ನು ಬೆಚ್ಚನೆಯ ಉಪ್ಪುನೀರಿನಲ್ಲಿ ತೂಗುಹಾಕಿ, ಆಮ್ಲಜನಕ ಹಾಯಿಸಿ, ಅದು ತನ್ನಷ್ಟಕ್ಕೆ ಹಿಂಡುತ್ತಲೇ ಇರುವುದನ್ನು ತೋರಿಸಿದ. ಔಷಧಶಾಸ್ತ್ರದ ಪ್ರಯೋಗಾಲಯಗಳು ಇಂದಿಗೂ ಈ ವಿಧಾನ ಬಳಸುತ್ತವೆ. ನೀರಿಗೆ ಏನನ್ನಾದರೂ ಬೆರೆಸಿದರೆ ಕರುಳಿನ ತುಂಡು ಹೆಚ್ಚು ಹಿಂಡುತ್ತದೋ ಸಡಿಲವಾಗುತ್ತದೋ ಕಣ್ಣಾರೆ ಕಾಣುತ್ತದೆ.

ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದ ಸಂಶೋಧಕರು ಓಮದ ಸಾರವನ್ನು ಹೀಗೆ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಮೊಲದ ಕರುಳು ಸಡಿಲವಾಯಿತು. ಓಮದ ಸಾರ ಕ್ಯಾಲ್ಸಿಯಂ ಬಾಗಿಲುಗಳಿಗೆ ಅಡ್ಡ ನಿಲ್ಲುತ್ತದೆ ಎಂಬುದು ಅವರ ತೀರ್ಮಾನ. ಹೊಟ್ಟೆ ನುಲಿದಾಗ ಚಿಟಿಕೆ ಓಮ, ಕಲ್ಲುಪ್ಪು ಅಗಿದು ಬಿಸಿನೀರು ಕುಡಿದವರು ನಂಬಿದ್ದು ಬರೀ ನಂಬಿಕೆಯಲ್ಲ ಎಂದಾಯಿತು.

ಆದರೆ ಇಲ್ಲೇ ಮೊದಲ ಮೋಸ ಶುರುವಾಗುತ್ತದೆ. ಗಾಜಿನ ಪಾತ್ರೆಯಲ್ಲಿ ಮೊಲದ ಕರುಳಿನ ತುಂಡಿಗೆ ಸಾರ ನೇರವಾಗಿ ತಾಗುತ್ತದೆ. ಮನುಷ್ಯ ನುಂಗಿದ ಓಮ ಜಠರದ ಆಮ್ಲವನ್ನು ದಾಟಿ, ರಕ್ತಕ್ಕೆ ಸೇರಿದ ಪಾಲು ಯಕೃತ್ತಿನ ಕೈಗೆ ಸಿಕ್ಕಿ, ಎಷ್ಟು ಉಳಿದು ಎಲ್ಲಿಗೆ ತಲುಪುತ್ತದೆ ಎಂಬುದು ಬೇರೆಯೇ ಲೆಕ್ಕ. ಪಾತ್ರೆಯ ಪ್ರಯೋಗ ‘ಹೀಗಾಗಬಲ್ಲದು’ ಎನ್ನುತ್ತದೆ. ಲೇಬಲ್ಲು ಅದನ್ನು ‘ವೈಜ್ಞಾನಿಕವಾಗಿ ಸಾಬೀತು’ ಎಂದು ಅನುವಾದಿಸುತ್ತದೆ. ಬಲ್ಲದು ಎಂಬ ಕ್ರಿಯಾಪದ ಸತ್ತುಹೋದ ಕಡೆಯೆಲ್ಲ ವ್ಯಾಪಾರ ಹುಟ್ಟುತ್ತದೆ.

ಸಡಿಲಿಸುವುದಕ್ಕೆ ವಿಳಾಸ ಗೊತ್ತಿಲ್ಲ

ಕರುಳಿನಲ್ಲಿರುವ ಜಾತಿಯ ಸ್ನಾಯು ಕರುಳಿನಲ್ಲಿ ಮಾತ್ರ ಇಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿನ ಬಿಗಿಯಲ್ಲಿ ಇದೆ. ಶ್ವಾಸನಾಳದಲ್ಲಿ, ರಕ್ತನಾಳದ ಗೋಡೆಯಲ್ಲಿ, ಮೂತ್ರಕೋಶದಲ್ಲಿ, ಗರ್ಭಕೋಶದಲ್ಲಿ, ಕಣ್ಣಿನ ಪಾಪೆಯ ಸುತ್ತ ಇದೆ. ಸಡಿಲಿಸುವ ವಸ್ತುವಿಗೆ ವಿಳಾಸ ಬರೆದು ಕಳಿಸಲು ಬರುವುದಿಲ್ಲ.

ಪೆಪ್ಪರ್‌ಮಿಂಟ್ ಎಣ್ಣೆಯನ್ನು ನೋಡಬಹುದು. ಅದರ ಮೆಂಥಾಲ್ ಕೂಡ ಕ್ಯಾಲ್ಸಿಯಂ ಬಾಗಿಲಿಗೇ ಅಡ್ಡ ಬರುತ್ತದೆ. ಆದರೆ ಅದೇ ಎಣ್ಣೆ ಜಠರದ ಮೇಲಿನ ಬಿಗಿಯನ್ನೂ ಸಡಿಲಿಸುತ್ತದೆ, ಆಮ್ಲ ಮೇಲಕ್ಕೆ ಬಂದು ಎದೆಯುರಿ ಶುರುವಾಗುತ್ತದೆ. ಆದ್ದರಿಂದಲೇ ಕರುಳಿನ ಔಷಧಿಯಾಗಿ ಅದನ್ನು ಕೊಡುವಾಗ ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಹೊದಿಕೆಯ ಕ್ಯಾಪ್ಸೂಲಿನಲ್ಲಿ ತುಂಬುತ್ತಾರೆ. ಇಲ್ಲಿ ಎದೆಯುರಿ ಎಂಬುದು ಮದ್ದಿನ ‘ಅಡ್ಡ’ ಕೆಲಸವೇ? ಅಲ್ಲ. ಅದು ಅದೇ ಕೆಲಸ, ನಾಲ್ಕು ಗೇಣು ಮೇಲೆ.

ದೇಹ ತಾನೇ ತಯಾರಿಸಿಕೊಳ್ಳುವ ವಸ್ತುವಿಗೂ ಇದು ತಪ್ಪಿಲ್ಲ. ಗರ್ಭಿಣಿಯ ಮೈಯಲ್ಲಿ ಏರುವ ಪ್ರೊಜೆಸ್ಟರಾನ್ ಗರ್ಭಕೋಶ ಹೊತ್ತಿಲ್ಲದ ಹೊತ್ತಿನಲ್ಲಿ ಹಿಂಡದಂತೆ ಅದನ್ನು ಸಡಿಲವಾಗಿಡುತ್ತದೆ. ಜೊತೆಗೆ ಕರುಳನ್ನೂ, ಜಠರದ ಬಿಗಿಯನ್ನೂ ಸಡಿಲಿಸುತ್ತದೆ. ಬಸುರಿಯರ ಮಲಬದ್ಧತೆ, ಎದೆಯುರಿಗೆ ಅದೂ ಒಂದು ಕಾರಣ. ಇದಕ್ಕಿಂತ ನೈಸರ್ಗಿಕ ಮದ್ದು ಯಾವುದಿದೆ? ಹೆರಿಗೆಗೆ ಮುಂಚೆ ಮಗುವನ್ನು ಕಾಯುವ, ತಾಯಿಯ ಮೈಯೇ ಅರೆದು ಕೊಡುವ ಮದ್ದಿಗೂ ಅಡ್ಡಪರಿಣಾಮ ಇದೆ. ಬಾಟಲಿಯ ಸಿರಪ್ಪಿಗೆ ಇಲ್ಲವಂತೆ.

ಬೆಲಡೋನ ಗಿಡದ ಕತೆ ಇನ್ನೂ ಸ್ಪಷ್ಟ. ಅದರಿಂದ 1830ರ ದಶಕದಲ್ಲಿ ಬೇರ್ಪಡಿಸಿದ ಅಟ್ರೋಪಿನ್, ನರ ಕೊಡುವ ‘ಹಿಂಡು’ ಎಂಬ ಸಂದೇಶ ಸ್ನಾಯುವನ್ನು ತಲುಪದಂತೆ ತಡೆಯುತ್ತದೆ. ಹೊಟ್ಟೆಯ ವೈದ್ಯರಿಗೆ ಕರುಳು ಸಡಿಲವಾಗುವುದೇ ಪರಿಣಾಮ. ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ಎದೆಬಡಿತ ಏರುವುದು, ಮೂತ್ರ ಕಟ್ಟುವುದು ಅಡ್ಡಪರಿಣಾಮ. ಕಣ್ಣಿನ ವೈದ್ಯರಿಗೆ ಪಾಪೆ ಹಿಗ್ಗುವುದೇ ಪರಿಣಾಮ, ಮಿಕ್ಕದ್ದೆಲ್ಲ ಅಡ್ಡ. ಕೀಟನಾಶಕ ಮೈಗೆ ಸೇರಿ ಆಸ್ಪತ್ರೆಗೆ ಬಂದ ರೈತನಿಗೆ ಅದೇ ಅಟ್ರೋಪಿನ್ ಚುಚ್ಚುತ್ತಾರೆ. ಅಲ್ಲಿ ಬಾಯಿ, ಶ್ವಾಸನಾಳ ಒಣಗುವುದು, ಎದೆಬಡಿತ ಏರುವುದು ಇವೇ ಪ್ರಾಣ ಉಳಿಸುವ ಪರಿಣಾಮ. ಅಣು ಒಂದೇ, ಅದು ಮಾಡುವುದೂ ಒಂದೇ. ನೇರ ಯಾವುದು, ಅಡ್ಡ ಯಾವುದು ಎಂದು ಗೆರೆ ಎಳೆಯುವುದು ಕೊಡುವವರ ಉದ್ದೇಶ.

ಹೀಗಾಗಿ ತಪ್ಪು ಪದದೊಳಗೇ ಇದೆ. ‘ಅಡ್ಡಪರಿಣಾಮ’ ಇಂಗ್ಲಿಷಿನಿಂದ ಪಡಿಯಚ್ಚು ತೆಗೆದ ಪದ. ಅಡ್ಡದಾರಿ, ಅಡ್ಡಹೆಸರು, ಅಡ್ಡಕಸುಬಿ ಎಂಬ ಬಳಗಕ್ಕೆ ಸೇರಿಕೊಂಡು ಅದು ಮದ್ದಿಗೆ ಒಂದು ನೆಟ್ಟನೆಯ ದಾರಿ ಇದೆ, ಕೆಟ್ಟ ಮದ್ದು ಅದನ್ನು ಬಿಟ್ಟು ಪಕ್ಕಕ್ಕೆ ಹೋಗುತ್ತದೆ ಎಂಬ ಚಿತ್ರ ಕಟ್ಟುತ್ತದೆ. ಅಂಥ ದಾರಿ ಮೈಯೊಳಗೆ ಎಲ್ಲೂ ಇಲ್ಲ.

ಕನ್ನಡದ ಹಳೆಯ ಪದಕ್ಕೆ ಈ ಭ್ರಮೆ ಇರಲಿಲ್ಲ. ಕಾಯಿಲೆಗೆ ಕೊಡುವುದು ಮದ್ದು. ಊಟದಲ್ಲಿ ಏನೋ ಬೆರೆಸಿ ಕೆಡಿಸಿದರೆಂಬ ಗುಮಾನಿಗೂ “ಮದ್ದು ಹಾಕಿದ್ದಾರೆ” ಎನ್ನುತ್ತಾರೆ. ಅಡಿಕೆ ತೋಟಕ್ಕೆ ಹೊಡೆಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ವಾಸಿ ಮಾಡುವುದು, ಕೊಲ್ಲುವುದು, ಸಿಡಿಯುವುದು ಎಲ್ಲಕ್ಕೂ ಒಂದೇ ಪದ ಇಟ್ಟುಕೊಂಡದ್ದು ನುಡಿಯ ಬಡತನವಲ್ಲ. ಯಾರ ಕೈಯಲ್ಲಿ, ಎಷ್ಟು, ಯಾರಿಗೆ ಎಂದು ಕೇಳದೆ ಆ ಪದವನ್ನು ಬಳಸಲು ಆಗುತ್ತಿರಲಿಲ್ಲ. ‘ಅಡ್ಡಪರಿಣಾಮವಿಲ್ಲದ ಮದ್ದು’ ಎಂದರೆ ಹಳಬರ ಕಿವಿಗೆ ಸುಡದ ಬೆಂಕಿ ಎಂದ ಹಾಗೆ ಕೇಳಿಸಬೇಕು.

ಎರಡು ಓಮ, ಒಂದು ಕಾನೂನು

ಓಮಕ್ಕೆ ಸಂಸ್ಕೃತದಲ್ಲಿ ಯವಾನಿ, ಹಿಂದಿಯಲ್ಲಿ ಅಜವಾಯನ್. ಗ್ರಂಥಿಗೆ ಅಂಗಡಿಗಳಲ್ಲಿ ಇನ್ನೊಂದು ಬೀಜವೂ ಸಿಗುತ್ತದೆ: ಸಂಸ್ಕೃತದಲ್ಲಿ ಪಾರಸೀಕ ಯವಾನಿ, ಹಿಂದಿಯಲ್ಲಿ ಖುರಾಸಾನಿ ಅಜವಾಯನ್. ಹೆಸರು ನೋಡಿದರೆ ಪರ್ಷಿಯಾದಿಂದ ಬಂದ ಓಮ. ಎರಡೂ ಕರುಳನ್ನು ಸಡಿಲಿಸುತ್ತವೆ, ಎರಡೂ ಹೊಟ್ಟೆಶೂಲೆಗೆ ಹಳೆಯ ಮದ್ದುಗಳು.

ಆದರೆ ಅವು ನೆಂಟರೇ ಅಲ್ಲ. ಅಡುಗೆಯ ಓಮ ಕೊತ್ತಂಬರಿ, ಜೀರಿಗೆ, ಸಬ್ಬಸಿಗೆಯ ಕುಟುಂಬದ್ದು. ಅದರ ಘಾಟು ಥೈಮಾಲಿನದು. ಮೊದಲ ಮಹಾಯುದ್ಧಕ್ಕೆ ಮುಂಚೆ ಭಾರತದ ಓಮ ಹಡಗೇರಿ ಜರ್ಮನಿಗೆ ಹೋಗಿ ಅಲ್ಲಿ ಥೈಮಾಲ್ ಆಗುತ್ತಿತ್ತು. ಖುರಾಸಾನಿಯದು ಬದನೆ, ದತ್ತೂರಿಗಳ ಕುಟುಂಬ. ಅದರೊಳಗಿರುವುದು ಹಯೋಸಯಮಿನ್, ಹಯೋಸಿನ್, ಅಂದರೆ ಅಟ್ರೋಪಿನ್ನಿನ ಒಡಹುಟ್ಟುಗಳು. ಚಮಚದಷ್ಟು ಅಡುಗೆ ಓಮ ತಿಂದವನಿಗೆ ಬಾಯಿ ಚುರುಗುಟ್ಟೀತು. ಅದೇ ಚಮಚದಲ್ಲಿ ಖುರಾಸಾನಿ ತಿಂದವನಿಗೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಬುದ್ಧಿ ಕಲಕಿ ಬಡಬಡಿಸುವ ಸ್ಥಿತಿ ಬರಬಹುದು. “ಓಮ ತಾನೇ, ಏನೂ ಆಗಲ್ಲ” ಎಂಬ ಮಾತಿಗೆ ಯಾವ ಓಮ ಎಂಬ ಪ್ರಶ್ನೆ ಗೊತ್ತಿಲ್ಲ.

ಸರ್ಕಾರಕ್ಕೆ ಗೊತ್ತಿದೆ. ಭಾರತದ ಔಷಧ ನಿಯಮಗಳಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ವಿಷವಸ್ತುಗಳ ಪಟ್ಟಿಯೊಂದಿದೆ, ಇ(1) ಅನುಸೂಚಿ ಎಂದು ಅದರ ಹೆಸರು. ಪಾರಸೀಕ ಯವಾನಿ ಅದರಲ್ಲಿದೆ. ದತ್ತೂರಿ ಇದೆ, ಅಫೀಮು ಇದೆ, ಭಂಗಿ ಇದೆ. ಇವು ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಸಿದ್ಧ ಔಷಧದ ಮೇಲೆ ‘ಎಚ್ಚರಿಕೆ: ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳತಕ್ಕದ್ದು’ ಎಂಬ ಅರ್ಥದ ಮಾತನ್ನು ಎದ್ದು ಕಾಣುವಂತೆ ಮುದ್ರಿಸಬೇಕು. ಯಾವ ಭಾಷೆಯಲ್ಲಿ? ನಿಯಮವೇ ಹೇಳುತ್ತದೆ: ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ.

ಭರವಸೆ ಕನ್ನಡದಲ್ಲಿ ಬರುತ್ತದೆ, ಎಚ್ಚರಿಕೆ ಇಂಗ್ಲಿಷ್ ಹಿಂದಿಗಳಲ್ಲಿ. ಮಾರುವುದಕ್ಕೆ ತಾಯಿನುಡಿ ಬೇಕು, ಕಾಯುವುದಕ್ಕೆ ಬೇಡ. ಮುಂಬಯಿ ದೆಹಲಿಗಳಲ್ಲಿರುವ ಕನ್ನಡಿಗರು ಹಿಂದಿಯನ್ನೋ ಇಂಗ್ಲಿಷನ್ನೋ ಓದಿಕೊಂಡಾರು. ಡಬ್ಬಿ ಕಳಿಸಿದ ಅಜ್ಜಿ? ಅವಳ ಊರಿನ ಅಂಗಡಿಯವನು? ಭಾಷೆಯ ಹೋರಾಟಗಳು ಬೋರ್ಡುಗಳ ಸುತ್ತಲೇ ನಡೆಯುತ್ತವೆ. ಬಾಟಲಿಯ ಮೇಲಿನ ಈ ಒಂದು ಸಾಲು ಕನ್ನಡದಲ್ಲಿರಲಿ ಎಂದು ಕೇಳಿದರೆ ಅದು ಪ್ರಾಣಕ್ಕೆ ಸಂಬಂಧಿಸಿದ ಬೇಡಿಕೆಯಾಗುತ್ತದೆ.

ಪೆಪ್ಪರ್‌ಮಿಂಟ್ ಪುದೀನವಾದದ್ದು

ತಪ್ಪೆಲ್ಲ ಕಂಪನಿಗಳದೇ ಅಲ್ಲ. ಕನ್ನಡದಲ್ಲಿ ಬರೆಯುವವರದೂ ಇದೆ.

ಕರುಳು ಕೆರಳುವ ಕಾಯಿಲೆ, ಐಬಿಎಸ್ ಎಂದು ಹೆಸರಾದದ್ದು, ಇರುವವರಿಗೆ ಪೆಪ್ಪರ್‌ಮಿಂಟ್ ಎಣ್ಣೆಯಿಂದ ಉಪಯೋಗವಾಗಬಹುದು ಎಂದು ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2021ರ ಮಾರ್ಗಸೂಚಿಯಲ್ಲಿ ಹೇಳಿತು. ಸಾಕ್ಷ್ಯ ಅಷ್ಟೇನೂ ಗಟ್ಟಿಯಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿತು. ಇಂಥ ಸುದ್ದಿ ಕನ್ನಡಕ್ಕೆ ಬರುವ ಹೊತ್ತಿಗೆ ಏನಾಗುತ್ತದೆ? “ಹೊಟ್ಟೆಯ ಸಮಸ್ಯೆಗೆ ಪುದೀನ ರಾಮಬಾಣ, ದಿನಾ ಚಟ್ನಿ ಮಾಡಿ ತಿನ್ನಿ.”

ಒಂದು ವಾಕ್ಯದಲ್ಲಿ ಮೂರು ಅನುವಾದಗಳು ತಪ್ಪಿವೆ. ಮೊದಲನೆಯದು ಗಿಡದ್ದು: ಪೆಪ್ಪರ್‌ಮಿಂಟ್ ಬೇರೆ, ಅಡುಗೆಯ ಪುದೀನ ಬೇರೆ. ಪೆಪ್ಪರ್‌ಮಿಂಟಿನ ಬಲ ಮೆಂಥಾಲ್. ಚಟ್ನಿಗೆ ಅರೆಯುವ ಪುದೀನದ ಪರಿಮಳದಲ್ಲಿ ಮುಖ್ಯವಾದದ್ದು ಕಾರ್ವೋನ್, ಮೆಂಥಾಲ್ ತೀರ ಕಡಿಮೆ. ಎರಡನೆಯದು ರೂಪದ್ದು: ಹೊದಿಕೆ ಹಾಕಿ ಕರುಳಿಗೆ ತಲುಪಿಸುವ ಎಣ್ಣೆ ಚಟ್ನಿಯಾಯಿತು. ಮೂರನೆಯದು ಖಚಿತತೆಯದು: ‘ಉಪಯೋಗವಾಗಬಹುದು’ ಎಂಬುದು ‘ರಾಮಬಾಣ’ವಾಯಿತು. ಪುದೀನ ಚಟ್ನಿ ರುಚಿಗೆ ಒಳ್ಳೆಯದೇ, ಇಡ್ಲಿಯ ಜೊತೆ ತಿನ್ನಲಿ. ಕಾಯಿಲೆಯವರು ಅದನ್ನೇ ನೆಚ್ಚಿಕೊಂಡು ವೈದ್ಯರ ಭೇಟಿ ಮುಂದೂಡಿದರೆ, ಆ ಕನ್ನಡ ವಾಕ್ಯ ಬರೆದವರು ಅದಕ್ಕೆ ಹೊಣೆ.

ಹೆಸರು ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಚಕ್ರಮೊಗ್ಗಿನ ಕತೆ ಇದೆ. ಪಲಾವಿಗೆ ಹಾಕುವ ಚಕ್ರಮೊಗ್ಗು ಚೀನಾದ ಜಾತಿ. ನೋಡಲು ಹೆಚ್ಚುಕಡಿಮೆ ಹಾಗೇ ಇರುವ ಜಪಾನಿನ ಜಾತಿ ವಿಷ, ಮಿದುಳನ್ನು ಕೆರಳಿಸಿ ಅಪಸ್ಮಾರದಂತೆ ಸೆಳೆತ ತರುತ್ತದೆ. ಹಸುಗೂಸುಗಳ ಹೊಟ್ಟೆನುಲಿತಕ್ಕೆ ಚಕ್ರಮೊಗ್ಗಿನ ಕಷಾಯ ಕುಡಿಸುವ ರೂಢಿ ಅಮೆರಿಕದ ಕೆಲವು ಸಮುದಾಯಗಳಲ್ಲಿತ್ತು. ಇಂಥ ಕಷಾಯ ಕುಡಿದು ಸುಮಾರು 40 ಮಂದಿ, ಅವರಲ್ಲಿ ಸುಮಾರು 15 ಹಸುಗೂಸುಗಳು, ಕಾಯಿಲೆ ಬಿದ್ದ ವರದಿಗಳು ಬಂದ ಮೇಲೆ 2003ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅದನ್ನು ಕುಡಿಯಬೇಡಿ ಎಂದು ಎಚ್ಚರಿಸಿತು. ತಾಯಂದಿರು ಕೊಟ್ಟದ್ದು ಪೂರ್ತಿ ನೈಸರ್ಗಿಕವಾದದ್ದನ್ನೇ.

ಡಬ್ಬಿಯಲ್ಲಿರುವ ಬಜೆ

ಈಗ ಕಷ್ಟದ ಮಾತು. ಊರಿನ ಡಬ್ಬಿಯಲ್ಲಿದ್ದ ಬಜೆಗೆ ಚೆನ್ನೈಯಲ್ಲಿ ವಸಂಬು, ಹೈದರಾಬಾದಿನಲ್ಲಿ ವಸ, ಪುಣೆಯಲ್ಲಿ ವೇಖಂಡ, ದೆಹಲಿಯಲ್ಲಿ ಬಚ್. ಸಂಸ್ಕೃತದ ವಚಾ ಎಂಬುದೇ ಕನ್ನಡದಲ್ಲಿ ಬಜೆಯಾದದ್ದು. ವಚ ಎಂದರೆ ಮಾತು. ತೇಯ್ದು ನಾಲಿಗೆಗೆ ಹಚ್ಚಿದರೆ ಮಗುವಿಗೆ ಮಾತು ಚೆನ್ನಾಗಿ ಬರುತ್ತದೆ, ಹೊಟ್ಟೆ ನುಲಿಯುವುದಿಲ್ಲ ಎಂಬ ನಂಬಿಕೆ ಈ ಎಲ್ಲ ಊರುಗಳಲ್ಲೂ ಇದೆ.

ಬಜೆ ಕರುಳನ್ನು ಸಡಿಲಿಸುತ್ತದೆಯೇ? ಮೊಲದ ಕರುಳಿನ ಮೇಲೆ ಸಡಿಲಿಸುತ್ತದೆ. ಓಮವನ್ನು ಪರೀಕ್ಷಿಸಿದ ಕರಾಚಿಯ ಅದೇ ಪ್ರಯೋಗಾಲಯ 2006ರಲ್ಲಿ ಇದನ್ನೂ ತೋರಿಸಿತು, ಕಾರಣ ಅದೇ ಕ್ಯಾಲ್ಸಿಯಂ ಬಾಗಿಲು. ಆದರೆ ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ವಸ್ತುವೂ ಇದೆ. ಇಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಅವುಗಳ ಕರುಳಿನಲ್ಲಿ ಗಡ್ಡೆಗಳು ಕಂಡವು. ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸಬಾರದೆಂದು ನಿಷೇಧಿಸಿತು. ಉತ್ತರ ಅಮೆರಿಕದ ಬಜೆಯ ಜಾತಿಯಲ್ಲಿ ಈ ವಸ್ತು ಇಲ್ಲವೆಂಬಷ್ಟು ಕಡಿಮೆ, ಯುರೋಪಿನದರಲ್ಲಿ ಸ್ವಲ್ಪ. ಬಹಳ ಇರುವುದು ಭಾರತದಲ್ಲಿ ಸಿಗುವ ಬಗೆಗಳಲ್ಲೇ.

“ನಮ್ಮ ಅಜ್ಜಿ ಮುತ್ತಜ್ಜಿಯರ ಕಾಲದಿಂದ ಕೊಡುತ್ತಿದ್ದಾರೆ, ಯಾರಿಗೂ ಏನೂ ಆಗಿಲ್ಲ” ಎಂಬುದು ಇದಕ್ಕೆ ಬರುವ ಉತ್ತರ. ಇದು ತಳ್ಳಿಹಾಕುವ ಮಾತಲ್ಲ, ಆದರೆ ಅದಕ್ಕೊಂದು ಮಿತಿ ಇದೆ. ರೂಢಿಗೆ ಕಣ್ಣಿದೆ, ಹತ್ತಿರದ್ದಷ್ಟೇ ಕಾಣುವ ಕಣ್ಣು. ಬೆಳಿಗ್ಗೆ ತಿಂದದ್ದು ಸಂಜೆಗೆ ಕೊಂದರೆ ಊರಿಗೆ ಊರೇ ಕಲಿಯುತ್ತದೆ. ದತ್ತೂರಿಯ ಕಾಯನ್ನು ಮಕ್ಕಳು ಮುಟ್ಟದಂತೆ ಬೈಯಲು ಕಲಿತದ್ದು ಹಾಗೆ. ಶೈಶವದಲ್ಲಿ ನೆಕ್ಕಿದ್ದು 40 ವರ್ಷದ ಮೇಲೆ ಏನಾದರೂ ಮಾಡಿದರೆ, ಅಥವಾ ಸಾವಿರದಲ್ಲಿ ಒಂದು ಮಗುವಿಗೆ ಮಾತ್ರ ಮಾಡಿದರೆ, ಅದನ್ನು ಕಾಣುವ ಸಾಧನ ಯಾವ ಅಜ್ಜಿಯ ಕೈಯಲ್ಲೂ ಇರಲಿಲ್ಲ. ಅಂಥದ್ದನ್ನು ಕಾಣಲು ಲೆಕ್ಕದ ಪುಸ್ತಕ ಬೇಕು, ಹೋಲಿಕೆಗೆ ಬಜೆ ತಿನ್ನದ ಮಕ್ಕಳು ಬೇಕು, ದಶಕಗಳ ತಾಳ್ಮೆ ಬೇಕು. ಅಜ್ಜಿಯನ್ನು ಗೌರವಿಸುವುದೆಂದರೆ ಅವಳು ಕಂಡದ್ದನ್ನು ನಂಬುವುದು. ಅವಳಿಗೆ ಕಾಣಲು ಆಗದ್ದಕ್ಕೂ ಅವಳನ್ನೇ ಸಾಕ್ಷಿಯಾಗಿ ನಿಲ್ಲಿಸುವುದಲ್ಲ.

ಇದು ಊರಿನ ಡಬ್ಬಿಯದೊಂದೇ ದೋಷವೂ ಅಲ್ಲ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿ ಭಾರತದ ತೊಟ್ಟಿಲುಗಳವರೆಗೆ ಬಂದ ಗ್ರೈಪ್ ವಾಟರಿನಲ್ಲಿ ಸಬ್ಬಸಿಗೆ ಎಣ್ಣೆ, ಸೋಡ, ಸಕ್ಕರೆಯ ಜೊತೆಗೆ ಮದ್ಯಸಾರವೂ ಇತ್ತು. ಬ್ರಿಟನ್ನಿನಲ್ಲಿ ಅದನ್ನು ತೆಗೆದದ್ದು 1990ರ ದಶಕದಲ್ಲಿ. ನೂರಕ್ಕೂ ಹೆಚ್ಚು ವರ್ಷ ಮಕ್ಕಳು ಅದನ್ನು ಕುಡಿದು ಅಳು ನಿಲ್ಲಿಸಿದರು. ನಿಲ್ಲಿಸಿದ್ದು ಸಬ್ಬಸಿಗೆಯೋ, ಸಕ್ಕರೆಯೋ, ಮದ್ಯವೋ? ಅಳು ನಿಂತದ್ದನ್ನಷ್ಟೇ ನೋಡುವವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ.

ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ವೈದ್ಯರು ಬರೆದುಕೊಟ್ಟ ಔಷಧಿಯ ಹೊರತು. ಬಜೆ ಬೇಡ, ಜಾಯಿಕಾಯಿ ಬೇಡ, ಸಿರಪ್ಪು ಬೇಡ, ಗ್ರೈಪ್ ವಾಟರೂ ಬೇಡ. ಕಲ್ಲನ್ನು ನೆನಪಿಗೆ ಇಟ್ಟುಕೊಳ್ಳಬಹುದು. ಓಮವನ್ನು ಬಾಣಂತಿಯ ಸಾರಿಗೆ ಹಾಕಬಹುದು.

ನಗುವವರಿಗೂ ಒಂದು ಮಾತು

ಇಷ್ಟು ಓದಿ “ನೋಡಿದಿರಾ, ಮನೆಮದ್ದೆಲ್ಲ ಮೂಢನಂಬಿಕೆ” ಎಂದು ಖುಷಿಪಡುವವರೂ ಇದ್ದಾರೆ. ಹೊಟ್ಟೆ ಹಿಂಡಿದಾಗ ಅವರು ನುಂಗುವ ಮಾತ್ರೆ ಎಲ್ಲಿಂದ ಬಂತು ಎಂದು ಅವರು ಕೇಳಿಕೊಳ್ಳಬೇಕು.

ಭಾರತದ ಮೆಡಿಕಲ್ ಶಾಪುಗಳಲ್ಲಿ ಹೊಟ್ಟೆನೋವಿಗೆ ಧಾರಾಳವಾಗಿ ಖರ್ಚಾಗುವ ಡ್ರೊಟಾವೆರಿನ್ ಹಂಗೇರಿಯಲ್ಲಿ ಹುಟ್ಟಿದ್ದು, ಪಾಪಾವೆರಿನ್ ಎಂಬ ಅಣುವಿನ ಮಾದರಿಯಲ್ಲಿ. ಪಾಪಾವೆರಿನನ್ನು 1848ರಲ್ಲಿ ಜರ್ಮನಿಯ ಗೆಯಾರ್ಗ್ ಮೆರ್ಕ್ ಅಫೀಮಿನಿಂದ ಬೇರ್ಪಡಿಸಿದ. 1950ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಬುಸ್ಕೋಪಾನ್ ಹಯೋಸಿನ್ನಿನಿಂದ ತಯಾರಾದದ್ದು. ಅದಕ್ಕೆ ಬೇಕಾದ ಹಯೋಸಿನ್‌ಗಾಗಿ ಆಸ್ಟ್ರೇಲಿಯಾದ ಹೊಲಗಳಲ್ಲಿ ಇಂದಿಗೂ ಡುಬೋಯ್ಸಿಯ ಎಂಬ ಗಿಡ ಬೆಳೆಯುತ್ತಾರೆ. ಪ್ರಯೋಗಾಲಯ ಮಾಡಿದ್ದೇನು? ಹಯೋಸಿನ್ ಮಿದುಳಿಗೆ ಹೋಗಿ ಮಂಕು ಕವಿಸುತ್ತದೆ. ಅದಕ್ಕೆ ಒಂದು ಬಾಲ ಜೋಡಿಸಿ, ಅಣುವಿಗೆ ವಿದ್ಯುದಂಶ ಬರುವಂತೆ ಮಾಡಿದರು. ಹಾಗೆ ಬದಲಾದದ್ದು ಮಿದುಳಿನ ತಡೆಗೋಡೆಯನ್ನು ಸುಲಭವಾಗಿ ದಾಟದು. ಅಡ್ಡಪರಿಣಾಮವನ್ನು ದುಡಿದು ಕಡಿಮೆ ಮಾಡಬಹುದು ಎಂಬುದಕ್ಕೆ ಇದು ಸಾಕ್ಷಿ. ಆದರೂ ಅದರ ಜೊತೆಯ ಚೀಟಿಯಲ್ಲಿ ಗ್ಲಾಕೋಮ ಇದ್ದವರಿಗೆ, ಮೂತ್ರ ಕಟ್ಟುವವರಿಗೆ ಎಚ್ಚರಿಕೆ ಬರೆದಿರುತ್ತದೆ. ಇಷ್ಟು ದುಡಿದವರೇ ‘ಇಲ್ಲ’ ಎನ್ನಲಿಲ್ಲ.

ದೂರದ ಉದಾಹರಣೆ ಬೇಡವೆಂದರೆ ಮಾಕಂಡಿ ಬೇರು ಇದೆ. ಕರ್ನಾಟಕದ ಹೊಲಗಳಲ್ಲೂ ಬೆಳೆಯುವ, ಗುಜರಾತಿಗಳು ಗರ್ಮರ್ ಎಂದು ಉಪ್ಪಿನಕಾಯಿ ಹಾಕುವ ಬೇರು ಅದು. (ಬೆಂಗಳೂರಿನವರ ಉಪ್ಪಿನಕಾಯಿಯ ಮಾಗಳಿ ಬೇರು ಬೇರೆ ಗಿಡದ್ದು, ಹೆಸರಿನ ಗೋಜಲು ಇಲ್ಲೂ ತಪ್ಪಿಲ್ಲ.) 1970ರ ದಶಕದಲ್ಲಿ ಮುಂಬಯಿಯ ಹೆಕ್ಸ್ಟ್ ಸಂಶೋಧನಾ ಕೇಂದ್ರದವರೂ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರೂ ಬೇರೆ ಬೇರೆಯಾಗಿ ಅದರಿಂದ ಒಂದೇ ವಸ್ತುವನ್ನು ತೆಗೆದರು. ಮುಂಬಯಿಯವರು ಇಟ್ಟ ಫೋರ್ಸ್ಕೋಲಿನ್ ಎಂಬ ಹೆಸರು ಉಳಿಯಿತು. ಜೀವಕೋಶದೊಳಗೆ ಸಂದೇಶ ಸಾಗಿಸುವ ಒಂದು ಕಿಣ್ವವನ್ನು ಅದು ನೇರವಾಗಿ ಚಾಲೂ ಮಾಡುತ್ತದೆ ಎಂಬುದು 1981ರಲ್ಲಿ ಗೊತ್ತಾಯಿತು. ಆ ಕಿಣ್ವ ಹೆಚ್ಚುಕಡಿಮೆ ಎಲ್ಲ ಬಗೆಯ ಜೀವಕೋಶಗಳಲ್ಲೂ ಇದೆ. ಹಾಗಾಗಿ ಫೋರ್ಸ್ಕೋಲಿನ್ ಕರುಳನ್ನೂ ಶ್ವಾಸನಾಳವನ್ನೂ ಸಡಿಲಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ, ಹೃದಯದ ಬಡಿತವನ್ನು ಬಲಪಡಿಸುತ್ತದೆ, ಕಣ್ಣಿನ ಒತ್ತಡ ತಗ್ಗಿಸುತ್ತದೆ. ಪ್ರಯೋಗಾಲಯಗಳಿಗೆ ಅದು ಚಿನ್ನದಂಥ ಸಾಧನ. ಪ್ರತಿ ಮನೆಯ ಬೀಗಕ್ಕೂ ಆಗುವ ಕೀಲಿಯನ್ನು ಹೊಟ್ಟೆಯ ಮದ್ದಾಗಿ ಕೊಡುವುದು ಸುಲಭವಲ್ಲ ಎಂಬುದು ಅವರಿಗೆ ಗೊತ್ತು. ಅದೇ ಬೇರಿನ ಸಾರವನ್ನು ತೂಕ ಇಳಿಸುವ ಗುಳಿಗೆ ಮಾಡಿ ಮಾರುವವರಿಗೆ ಮಾತ್ರ ಅದು ‘ನೈಸರ್ಗಿಕ, ಸುರಕ್ಷಿತ’.

ಸಡಿಲಿಸಬಾರದ ನೋವು

“ರಾತ್ರಿ ಎರಡು ಗಂಟೆಗೆ ಹೊಟ್ಟೆ ನುಲಿದರೆ, ಗೊತ್ತಿಲ್ಲದ ಊರಿನಲ್ಲಿ, ಓಮವಲ್ಲದೆ ಇನ್ನೇನು ಗತಿ? ಆಸ್ಪತ್ರೆಗೆ ಹೋದರೆ ಸಾವಿರಾರು ರೂಪಾಯಿಯ ಬಿಲ್ಲು.” ಈ ಆಕ್ಷೇಪ ನ್ಯಾಯವಾದದ್ದು. ದೊಡ್ಡವರು, ಬೇರೆ ಕಾಯಿಲೆ ಇಲ್ಲದವರು, ಚಿಟಿಕೆ ಓಮ ಅಗಿದು ಬಿಸಿನೀರು ಕುಡಿದರೆ ಯಾರೂ ತಕರಾರು ಮಾಡಬೇಕಿಲ್ಲ. ಅಡುಗೆಯ ಅಳತೆಯಲ್ಲಿ ಅದು ಶತಮಾನಗಳಿಂದ ಊಟದ ಭಾಗ. ಚಿಟಿಕೆ ಯಾವಾಗ ಹಿಡಿಯಾಗುತ್ತದೆ, ಹಿಡಿ ಯಾವಾಗ ಗಟ್ಟಿ ಸಾರದ ಕ್ಯಾಪ್ಸೂಲಾಗುತ್ತದೆ ಎಂಬುದನ್ನು ಗಮನಿಸಬೇಕು, ಅಷ್ಟೇ.

ಆದರೆ ನುಲಿತ ಯಾವಾಗಲೂ ಕಾಯಿಲೆಯಲ್ಲ, ಕೆಲವೊಮ್ಮೆ ಅದು ಕರುಳಿನ ಕೂಗು. ಕರುಳಿಗೆ ಅಡಚಣೆಯಾದಾಗ ಅದನ್ನು ದಾಟಿಸಲು ಅದು ಬಲವಾಗಿ ಹಿಂಡುತ್ತದೆ. ಅಲ್ಲಿ ಸಡಿಲಿಸಿದರೆ ಕೂಗು ತಗ್ಗೀತು, ಅಡಚಣೆ ಹೋಗದು. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಕ್ಕೆ ಸರಿದು ನಿಲ್ಲುವ ನೋವು, ಹಲಗೆಯಂತೆ ಬಿಗಿದ ಹೊಟ್ಟೆ, ಜ್ವರ, ನಿಲ್ಲದ ವಾಂತಿ, ಮಲದಲ್ಲಿ ರಕ್ತ ಅಥವಾ ಟಾರಿನಂಥ ಕಪ್ಪು: ಇವು ಓಮದ ಕಾಲವಲ್ಲ. ಹಸುಗೂಸು ಬಿಟ್ಟು ಬಿಟ್ಟು ಕಾಲು ಮಡಿಚಿ ಕಿರುಚಿ ಮಂಕಾದರೆ, ಹಸಿರು ವಾಂತಿ ಮಾಡಿದರೆ, ಮಲದಲ್ಲಿ ರಕ್ತ ಬಂದರೆ, ಕರುಳಿನೊಳಗೆ ಕರುಳು ಸಿಕ್ಕಿಕೊಂಡಿರಬಹುದು. ಅಲ್ಲಿ ತೇಯುವ ಪ್ರತಿ ಸುತ್ತೂ ಕಳೆದುಹೋದ ಹೊತ್ತು. ಎದೆಯ ಕೆಳಗೆ ಒತ್ತಿದಂತಾಗಿ ಬೆವರು ಕಿತ್ತುಬಂದ 50 ದಾಟಿದ ಮನುಷ್ಯನಿಗೆ ಆದದ್ದು ಗ್ಯಾಸ್ ಅಲ್ಲದೆ ಹೃದಯಾಘಾತವೇ ಇರಬಹುದು. ಎಲ್ಲ ನೋವಿಗೂ ಒಂದೇ ಪದ ಇಟ್ಟುಕೊಂಡದ್ದರ ಬೆಲೆ ತೆರುವುದು ಆ ರಾತ್ರಿ.

ಇನ್ನೊಂದು ಆಕ್ಷೇಪ: ಡಾಕ್ಟರುಗಳೂ ಯೋಚಿಸದೆ ಮಾತ್ರೆ ಬರೆಯುತ್ತಾರಲ್ಲ? ಬರೆಯುತ್ತಾರೆ. ಚೀಟಿಯಲ್ಲಿ ಬರೆದ ಎಚ್ಚರಿಕೆಯನ್ನು ರೋಗಿಗೆ ಅವನ ಭಾಷೆಯಲ್ಲಿ ಹೇಳದ ಡಾಕ್ಟರೂ ಇದೇ ತಪ್ಪಿನ ಪಾಲುದಾರ. ಅವರನ್ನು ಪ್ರಶ್ನಿಸಲು ಒಂದು ಎಚ್ಚರಿಕೆಯ ಚೀಟಿಯಾದರೂ ಇದೆ. ‘ಏನೂ ಇಲ್ಲ’ ಎನ್ನುವವನನ್ನು ಪ್ರಶ್ನಿಸಲು ಏನಿದೆ?

ಬದಲಿಗೆ ಬರೆಯಬೇಕಾದದ್ದು

ಕನ್ನಡದಲ್ಲಿ ಮದ್ದಿನ ಬಗ್ಗೆ ಬರೆಯುವವರು ಐದು ಪ್ರಶ್ನೆಗಳಿಗೆ ಉತ್ತರ ಬರೆದರೆ ಸಾಕು. ಯಾವ ಗಿಡ, ಅದರ ಯಾವ ಭಾಗ? ಎಷ್ಟು, ಎಷ್ಟು ದಿನ? ಮೈಯಲ್ಲಿ ಏನು ಮಾಡುತ್ತದೆ, ಬೇಕಾದಲ್ಲೂ ಬೇಡದಲ್ಲೂ? ಯಾರಿಗೆ ಕೊಡಬಾರದು? ಅದು ಗೊತ್ತಾದದ್ದು ಮನುಷ್ಯರಲ್ಲೋ, ಮೊಲದ ಕರುಳಿನಲ್ಲೋ? ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಲಿ. ಎಚ್ಚರಿಕೆಯ ಸಾಲು ಕನ್ನಡದಲ್ಲೂ ಇರಲೇಬೇಕು ಎಂದು ನಿಯಮ ಬದಲಾಗಲಿ. ಬದಲಾಗುವವರೆಗೆ, ಡಬ್ಬಿ ಬಿಚ್ಚುವವರು ಬಾಟಲಿಯ ಹಿಂಬದಿಯನ್ನು ಓದಿ, ಅಲ್ಲಿರುವುದನ್ನು ಊರಿಗೆ ಫೋನು ಮಾಡಿ ಕನ್ನಡದಲ್ಲಿ ಹೇಳಲಿ.

ಅಜ್ಜಿಗೆ ಬೇಜಾರಾಗಲಿಕ್ಕಿಲ್ಲ. “ಜಾಸ್ತಿ ತೇಯಬೇಡ” ಎಂದು ಮೊದಲು ಹೇಳಿದವಳು ಅವಳೇ.